ಯಂತ್ರದ ಬುದ್ಧಿ ಎಲ್ಲಿರಬೇಕು?



ಟಿ.ವಿ.ಯಲ್ಲಿ ವಾರ್ತೆ ನೋಡುವಾಗ ಒಂದು ಸಂಗತಿಯನ್ನು ನೀವು ಗಮನಿಸಿರಬಹುದು. ಸ್ಟುಡಿಯೋದಲ್ಲಿರುವವರು ಉಪಗ್ರಹದ ಮೂಲಕ ದೂರದ ವರದಿಗಾರರಿಗೆ ಪ್ರಶ್ನೆ ಕೇಳುತ್ತಾರೆ. ವರದಿಗಾರರು ಒಂದು ಕ್ಷಣ ಸುಮ್ಮನೆ ನಿಂತಿದ್ದು, ಆಮೇಲೆ ತಲೆಯಾಡಿಸಿ ಉತ್ತರ ಕೊಡುತ್ತಾರೆ. ಉತ್ತರ ತಿಳಿಯದೆ ಅವರು ಹಾಗೆ ನಿಂತದ್ದಲ್ಲ. ಭೂಸ್ಥಿರ ಉಪಗ್ರಹ ಇರುವುದು ಸುಮಾರು 36,000 ಕಿ.ಮೀ. ಎತ್ತರದಲ್ಲಿ. ಪ್ರಶ್ನೆ ಮೇಲೇರಿ ಕೆಳಗಿಳಿಯಲು 72,000 ಕಿ.ಮೀ. ಸಾಗಬೇಕು. ಬೆಳಕಿನ ವೇಗದಲ್ಲಿ ಹೋದರೂ ಸುಮಾರು ಕಾಲು ಸೆಕೆಂಡು ಹಿಡಿಯುತ್ತದೆ. ಉತ್ತರ ಮರಳಲು ಇನ್ನೊಂದು ಕಾಲು ಸೆಕೆಂಡು.

ವಾರ್ತೆಗೆ ಅರ್ಧ ಸೆಕೆಂಡು ದೊಡ್ಡದಲ್ಲ. ಆದರೆ ತಗಡು ಒತ್ತುವ ಪ್ರೆಸ್ಸಿನ ಕೆಳಗೆ ಕೆಲಸಗಾರನ ಕೈ ಇದೆ ಎನ್ನಿ. ಆಗ ಯಂತ್ರವು ‘ನಿಲ್ಲಲೇ, ಬೇಡವೇ’ ಎಂದು ದೂರದ ಕಂಪ್ಯೂಟರನ್ನು ಕೇಳುತ್ತಾ ಕೂರಲಾದೀತೇ? ಯಂತ್ರದ ಬುದ್ಧಿ ಎಲ್ಲಿರಬೇಕೆಂಬ ಈ ಪ್ರಶ್ನೆಗೆ ಇನ್ನೂರು ವರ್ಷಗಳಿಗೂ ಮಿಕ್ಕ ಇತಿಹಾಸವಿದೆ.

1788ರಲ್ಲಿ ಜೇಮ್ಸ್ ವಾಟ್ ತನ್ನ ಉಗಿ ಯಂತ್ರಕ್ಕೆ ತಿರುಗುವ ಎರಡು ಗುಂಡುಗಳನ್ನು ಜೋಡಿಸಿದ. ಯಂತ್ರದ ವೇಗ ಹೆಚ್ಚಿದಾಗ ಗುಂಡುಗಳು ಹೊರಕ್ಕೆ ಸರಿದು ಉಗಿಯ ಕವಾಟವನ್ನು ಮುಚ್ಚತೊಡಗುತ್ತಿದ್ದವು. ವೇಗ ತಗ್ಗಿದಾಗ ಒಳಕ್ಕೆ ಬಂದು ಅದನ್ನು ತೆರೆಯುತ್ತಿದ್ದವು. ಇದೇ ಗವರ್ನರ್. ಜಪಾನಿನ ಸಾಕಿಚಿ ಟೊಯೊಡಾ 1924ರಲ್ಲಿ ಪೂರ್ಣಗೊಳಿಸಿದ ಸ್ವಯಂಚಾಲಿತ ಮಗ್ಗ, ನೂಲು ಹರಿದ ಕೂಡಲೇ ತಾನಾಗಿ ನಿಲ್ಲುತ್ತಿತ್ತು. ಹೀಗಾಗಿ ಒಬ್ಬ ಕೆಲಸಗಾರ ಹಲವು ಮಗ್ಗಗಳನ್ನು ನೋಡಿಕೊಳ್ಳುವುದು ಸಾಧ್ಯವಾಯಿತು. 1929ರಲ್ಲಿ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಸಂಸ್ಥೆ ಅದರ ಪೇಟೆಂಟ್ ಹಕ್ಕನ್ನು ಕೊಂಡಿತು. ಈ ಎರಡು ಯಂತ್ರಗಳಲ್ಲೂ ಕಂಪ್ಯೂಟರ್ ಇರಲಿಲ್ಲ. ಆದರೂ ತಿಳಿಯುವುದು, ನಿರ್ಧರಿಸುವುದು, ಮಾಡುವುದು ಮೂರೂ ಒಂದೇ ಜಾಗದಲ್ಲಿ ನಡೆಯುತ್ತಿದ್ದವು.

ಮುಂದೆ ಕಾರ್ಖಾನೆಗಳಲ್ಲಿ ಈ ಕೆಲಸವನ್ನು ವಿದ್ಯುತ್ ರಿಲೇಗಳು ವಹಿಸಿಕೊಂಡವು. ಅಮೆರಿಕದ ಮೋಟಾರು ಕಾರ್ಖಾನೆಗಳಲ್ಲಿ ಕಾರಿನ ಮಾದರಿ ಬದಲಾದಾಗಲೆಲ್ಲ ರಾಶಿ ರಾಶಿ ತಂತಿಗಳನ್ನು ಬಿಚ್ಚಿ ಮತ್ತೆ ಜೋಡಿಸಬೇಕಾಗುತ್ತಿತ್ತು. 1968ರಲ್ಲಿ ಜನರಲ್ ಮೋಟಾರ್ಸ್ ಇದಕ್ಕೆ ಪರಿಹಾರ ಕೇಳಿತು. ಡಿಕ್ ಮಾರ್ಲಿ ಮತ್ತು ಸಂಗಡಿಗರು ‘ಮಾಡಿಕಾನ್ 084’ ಎಂಬ ಗಟ್ಟಿಮುಟ್ಟಾದ ಪೆಟ್ಟಿಗೆಯನ್ನು ರೂಪಿಸಿದರು. ತಂತಿ ಬದಲಿಸುವ ಬದಲು ಪ್ರೋಗ್ರಾಂ ಬದಲಿಸಿದರೆ ಸಾಕಾಯಿತು. ಅದು ಅವರ 84ನೆಯ ಯೋಜನೆಯಾದ್ದರಿಂದ ಆ ಹೆಸರು. 1971ರಲ್ಲಿ ಇಂಟೆಲ್ ಸಂಸ್ಥೆಯ 4004 ಚಿಪ್ ಬಂದಿತು. ಸುಮಾರು 2,300 ಟ್ರಾನ್ಸಿಸ್ಟರುಗಳಿದ್ದ ಈ ಚಿಪ್ಪಿನಿಂದ ಚಿಕ್ಕ ಯಂತ್ರಕ್ಕೂ ಮೆದುಳು ಕೊಡುವ ದಾರಿ ತೆರೆಯಿತು.

ಬುದ್ಧಿ ಬಂದ ಯಂತ್ರಕ್ಕೆ ಬೇಗನೆ ಮಾತೂ ಬಂತು. 1980ರ ದಶಕದ ಆರಂಭದಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ತಮ್ಮ ಕೋಕ್ ಯಂತ್ರವನ್ನು ಕಂಪ್ಯೂಟರ್ ಜಾಲಕ್ಕೆ ಜೋಡಿಸಿದರು. ಬಾಟಲಿ ಇದೆಯೇ, ತಣ್ಣಗಾಗಿದೆಯೇ ಎಂದು ಕೋಣೆಯಿಂದಲೇ ತಿಳಿಯುವುದು ಅವರ ಉದ್ದೇಶ. ನಿಮ್ಮಂಥ ಹುಡುಗರ ಈ ಚೇಷ್ಟೆ ಮುಂದೆ ದೊಡ್ಡ ಉದ್ಯಮವೇ ಆಯಿತು. 2001ರಲ್ಲಿ ಜಪಾನಿನ ಕೊಮಾಟ್ಸು ಸಂಸ್ಥೆ ಮಣ್ಣು ಅಗೆಯುವ ತನ್ನ ಯಂತ್ರಗಳಿಗೆ, ತಾವಿರುವ ಸ್ಥಳವನ್ನೂ ದುಡಿದ ಗಂಟೆಗಳನ್ನೂ ತಿಳಿಸುವ ‘ಕೊಮ್‌ಟ್ರಾಕ್ಸ್’ ಸಾಧನವನ್ನು ಮೊದಲೇ ಅಳವಡಿಸಿ ಮಾರತೊಡಗಿತು.

ಹಾಗಾದರೆ ಯಂತ್ರ ಕಂಡದ್ದನ್ನೆಲ್ಲ ದೂರದ ಕಂಪ್ಯೂಟರಿಗೆ ಕಳಿಸಿಬಿಡಬಹುದಲ್ಲವೇ? ಒಂದು ಲೆಕ್ಕ ಮಾಡಿ. ಬೇರಿಂಗಿನ ಕಂಪನವನ್ನು ಸೆಕೆಂಡಿಗೆ 20,000 ಬಾರಿ ಅಳೆದು, ಪ್ರತಿ ಅಳತೆಗೆ 2 ಬೈಟ್ ಬಳಸಿದರೆ, ಒಂದೇ ದಿನಕ್ಕೆ 345.6 ಕೋಟಿ ಬೈಟ್! ಅದೂ ಒಂದೇ ಬೇರಿಂಗಿಗೆ. ಆದ್ದರಿಂದ ಯಂತ್ರದ ಪಕ್ಕದ ಪುಟ್ಟ ಕಂಪ್ಯೂಟರೇ ಅಳತೆಗಳನ್ನು ಸೋಸಿ, ‘ಬೇರಿಂಗ್ ಸವೆಯುತ್ತಿದೆ’ ಎಂಬ ಸಾರಾಂಶವನ್ನಷ್ಟೇ ಕಳಿಸುತ್ತದೆ. ಇದೇ ಎಡ್ಜ್ ಕಂಪ್ಯೂಟಿಂಗ್, ಅಂದರೆ ಜಾಲದ ಅಂಚಿನಲ್ಲೇ ಲೆಕ್ಕ ಮಾಡುವುದು. ಮೊಬೈಲ್ ಸಾಧನಗಳ ಹತ್ತಿರದಲ್ಲೇ ಚಿಕ್ಕ ಕಂಪ್ಯೂಟರುಗಳಿರಲಿ ಎಂದು 2009ರಲ್ಲಿ ಪ್ರಬಂಧ ಬರೆದು ಈ ವಿಚಾರಕ್ಕೆ ಬುನಾದಿ ಹಾಕಿದವರಲ್ಲಿ ಪ್ರಮುಖರು ಮಹದೇವ್ ಸತ್ಯನಾರಾಯಣನ್. ಅವರೂ ಆ ಕೋಕ್ ಯಂತ್ರವಿದ್ದ ಕಾರ್ನೆಗಿ ಮೆಲನ್‌ನ ಪ್ರಾಧ್ಯಾಪಕರೇ.

ಇಲ್ಲಿಗೆ ತಂತ್ರಜ್ಞಾನದ ಕಥೆ ಮುಗಿಯಿತು, ಆದರೆ ಪ್ರಶ್ನೆ ಮುಗಿಯಲಿಲ್ಲ. ವಾಟನ ಗವರ್ನರನ್ನು ಯಾರು ಬೇಕಾದರೂ ನೋಡಿ ಅರ್ಥಮಾಡಿಕೊಳ್ಳಬಹುದಿತ್ತು, ಊರಿನ ಕಮ್ಮಾರ ರಿಪೇರಿ ಮಾಡಬಹುದಿತ್ತು. ಇಂದಿನ ಟ್ರ್ಯಾಕ್ಟರಿನ ಬುದ್ಧಿ ಟ್ರ್ಯಾಕ್ಟರಿನಲ್ಲೇ ಇದ್ದರೂ ಅದರ ಬೀಗದ ಕೈ ತಯಾರಕರ ಬಳಿ ಇರಬಹುದು. ಹಣ ಕೊಟ್ಟು ಕೊಂಡ ರೈತನೇ ತನ್ನ ಯಂತ್ರವನ್ನು ರಿಪೇರಿ ಮಾಡಲಾಗದೆ ಕೈಕಟ್ಟಿ ನಿಲ್ಲಬೇಕಾಗುತ್ತದೆ. ಅಮೆರಿಕದ ರೈತರು ಇದರ ವಿರುದ್ಧ ದನಿಯೆತ್ತಿದರು. ತಯಾರಕರು ಬಿಡಿಭಾಗ, ಕೈಪಿಡಿ, ಸಾಫ್ಟ್‌ವೇರುಗಳನ್ನು ರೈತರಿಗೂ ಒದಗಿಸಬೇಕೆಂದು ಕೊಲೊರಾಡೊ ರಾಜ್ಯ 2023ರಲ್ಲಿ ಕಾನೂನು ಮಾಡಿತು.

ನಿಮ್ಮ ಮನೆಯ ನೀರಿನ ಟ್ಯಾಂಕಿನ ಮುಚ್ಚಳ ತೆಗೆದು ಒಳಗಿನ ಬಾಲ್‌ವಾಲ್ವನ್ನು ನೋಡಿ. ನೀರು ತುಂಬಿದಾಗ ಯಾರನ್ನೂ ಕೇಳದೆ ಕೊಳಾಯಿ ಮುಚ್ಚುವ ಅದು ವಾಟನ ಗುಂಡುಗಳ ಹತ್ತಿರದ ನೆಂಟ. ನಾಳೆ ನಿಮ್ಮಲ್ಲಿ ಕೆಲವರು ಯಂತ್ರಗಳನ್ನು ರೂಪಿಸುವ ಇಂಜಿನಿಯರುಗಳಾಗುತ್ತೀರಿ. ಅವು ಎಷ್ಟು ಜಾಣವಾಗಿರಲಿ ಎಂದು ಯೋಚಿಸುವಾಗಲೇ, ಆ ಜಾಣತನ ಯಾರ ಕೈಯಲ್ಲಿರಲಿ ಎಂಬುದನ್ನೂ ಯೋಚಿಸಿ.