ಶಾಲೆಯ ಗೋಡೆಯ ಮೇಲಣ ಹೆಸರುಗಳು



ನಮ್ಮ ಪಟ್ಟಣಗಳಲ್ಲಿ ಐವತ್ತು ನೂರು ವರ್ಷಗಳಿಂದ ನಡೆದು ಬಂದಿರುವ ಹೈಸ್ಕೂಲುಗಳ ಸಭಾಂಗಣವನ್ನು ಹೊಕ್ಕವರು ಒಂದು ವಸ್ತುವನ್ನು ಕಂಡಿರುತ್ತೀರಿ. ಅದು ಗೋಡೆಗೆ ತಗುಲಿಸಿದ ಕರಿಯ ಹಲಗೆ. ಅದರ ಮೇಲೆ ಚಿನ್ನದ ಬಣ್ಣದಲ್ಲಿ ಇಸವಿಗಳೂ, ಇಸವಿಗೊಂದರಂತೆ ಹೆಸರುಗಳೂ ಸಾಲಾಗಿ ಬರೆದಿರುತ್ತವೆ. ಆಯಾ ವರ್ಷದ ಪರೀಕ್ಷೆಯಲ್ಲಿ ಎಲ್ಲರಿಗಿಂತ ಮೇಲಾಗಿ ತೇರ್ಗಡೆಯಾದವರ ಹೆಸರುಗಳು ಅವು. ಇದಲ್ಲದೆ ಶಾಲೆಯ ವಾರ್ಷಿಕೋತ್ಸವದಲ್ಲಿಯೋ ಬೆಳ್ಳಿಯ ಹಬ್ಬದಲ್ಲಿಯೋ, ಲೋಕದಲ್ಲಿ ಹೆಸರು ಪಡೆದ ಹಳೆಯ ವಿದ್ಯಾರ್ಥಿಗಳನ್ನು ಕರೆಸಿ, ಹಾರ ಹಾಕಿ, ಶಾಲು ಹೊದಿಸಿ, ಫಲತಾಂಬೂಲವನ್ನಿತ್ತು ಸನ್ಮಾನಿಸುವ ಪದ್ಧತಿಯೂ ಉಂಟು. ಪದ್ಧತಿಯೇನೋ ಒಳ್ಳೆಯದು. ಓದಿದ ಮನೆಯನ್ನು ಮರೆಯದವನೂ, ಓದಿಸಿದವನನ್ನು ಮರೆಯದ ಮನೆಯೂ ಎರಡೂ ಹೊಗಳಿಕೆಗೆ ಅರ್ಹವಾದುವೇ.

ಆದರೆ ಈ ಸನ್ಮಾನದಲ್ಲಿ ಮಾನವು ಯಾರಿಗೆ ಸಲ್ಲುತ್ತದೆ, ಅದು ಸಲ್ಲಬೇಕಾದ ಹೊತ್ತು ಯಾವುದು ಎಂಬ ಪ್ರಶ್ನೆಯನ್ನು ನಾವು ಅಷ್ಟಾಗಿ ಕೇಳಿಕೊಂಡಿಲ್ಲ. ಒಬ್ಬನು ನ್ಯಾಯಾಧೀಶನೋ ವಿಜ್ಞಾನಿಯೋ ಗ್ರಂಥಕರ್ತನೋ ಆಗಿ, ಜಗತ್ತೆಲ್ಲ ಅವನನ್ನು ಮನ್ನಿಸಿದ ಬಳಿಕ ಅವನು ಓದಿದ ಶಾಲೆಯೂ ಮನ್ನಿಸಿದರೆ, ಅದರಿಂದ ಅವನಿಗೆ ಹೆಚ್ಚುವುದೇನು? ಅಂಥ ಸಮಾರಂಭದಲ್ಲಿ ಶಾಲೆಯು ಬಹುಮಟ್ಟಿಗೆ ತನ್ನನ್ನೇ ಅಲಂಕರಿಸಿಕೊಳ್ಳುತ್ತದೆ. ಶಾಲೆಯೊಂದೇ ಮಾಡಬಲ್ಲ, ಮತ್ತಾರಿಂದಲೂ ಆಗದ ಸನ್ಮಾನವೊಂದುಂಟು. ಹುಡುಗನು ಇನ್ನೂ ಹುಡುಗನಾಗಿರುವಾಗಲೇ ಅವನಲ್ಲಿರುವುದನ್ನು ಕಂಡು, ಹತ್ತು ಜನರ ಮುಂದೆ ಅದನ್ನು ಆಡಿ ತೋರಿಸುವುದೇ ಆ ಸನ್ಮಾನ. ಇದಕ್ಕೆ ಚರಿತ್ರೆಯಲ್ಲಿ ಒಂದು ನಿದರ್ಶನವಿದೆ. ಅದನ್ನು ಇಂದು ತಮ್ಮ ಮುಂದಿಡುತ್ತೇನೆ.

ಕಾವೇರಿಯು ನಮ್ಮ ಕೊಡಗಿನಲ್ಲಿ ಹುಟ್ಟಿ, ಮೈಸೂರಿನ ಸೀಮೆಯನ್ನು ತಣಿಸಿ, ತಮಿಳುನಾಡನ್ನು ಹೊಕ್ಕು ತಂಜಾವೂರಿನ ಬಯಲಿಗೆ ಇಳಿಯುವಲ್ಲಿ ಕುಂಭಕೋಣವೆಂಬ ಊರಿದೆ. ದೇವಾಲಯಗಳಿಗೂ ವಿದ್ವಾಂಸರಿಗೂ ಹೆಸರಾದ ಊರು. ಅಲ್ಲಿಯ ಟೌನ್ ಹೈಸ್ಕೂಲಿಗೆ 1898ರಲ್ಲಿ ಒಬ್ಬ ಬಾಲಕನು ಸೇರಿದನು. ಅವನ ತಂದೆ ಸೀರೆಯಂಗಡಿಯೊಂದರಲ್ಲಿ ಗುಮಾಸ್ತೆ. ತಾಯಿ ದೇವಸ್ಥಾನದಲ್ಲಿ ಭಜನೆ ಹಾಡುತ್ತಿದ್ದವರು. ಹಿಂದಿನ ವರ್ಷದ ಪ್ರಾಥಮಿಕ ಪರೀಕ್ಷೆಯಲ್ಲಿ ಈ ಬಾಲಕನು ಇಡೀ ಜಿಲ್ಲೆಗೆ ಮೊದಲಿಗನಾಗಿದ್ದನು. ಅವನೇ ಮುಂದೆ ಗಣಿತಪ್ರಪಂಚದಲ್ಲಿ ವಿಖ್ಯಾತರಾದ ಶ್ರೀನಿವಾಸ ರಾಮಾನುಜನ್.

ರಾಮಾನುಜನ್ನರ ಪ್ರತಿಭೆಯು ಆ ಶಾಲೆ ಕೊಟ್ಟದ್ದೆಂದು ಯಾರೂ ಹೇಳಲಾರರು. ಮನೆಯಲ್ಲಿ ಇಳಿದುಕೊಂಡಿದ್ದ ಕಾಲೇಜು ವಿದ್ಯಾರ್ಥಿಗಳಿಗೆ ತಿಳಿದಿದ್ದ ಗಣಿತವನ್ನೆಲ್ಲ ಅವರು ಹನ್ನೊಂದನೆಯ ವಯಸ್ಸಿಗೇ ಕಲಿತು ಮುಗಿಸಿದ್ದರು. ಲೋನಿಯೆಂಬ ಗ್ರಂಥಕಾರನ ತ್ರಿಕೋಣಮಿತಿಯನ್ನು ಎರವಲು ತಂದು ಹದಿಮೂರಕ್ಕೆ ಕರಗತ ಮಾಡಿಕೊಂಡಿದ್ದರು. 1903ರಲ್ಲಿ, ಹದಿನಾರರ ಹೊಸ್ತಿಲಲ್ಲಿ, ಕಾರ್ ಎಂಬಾತನ ಒಂದು ಗ್ರಂಥ ಅವರ ಕೈಗೆ ಬಂದಿತು. ಅದರಲ್ಲಿ ಸುಮಾರು ಐದು ಸಾವಿರ ಪ್ರಮೇಯಗಳನ್ನು ಪೋಣಿಸಿಟ್ಟಿದ್ದಿತು; ಸಾಧನೆಯ ವಿವರಣೆ ಮಾತ್ರ ಬಹು ಅಲ್ಪ. ಆ ಸಾಧನೆಗಳನ್ನು ತಾವೇ ಹುಡುಕುತ್ತ ಹೋದ ರಾಮಾನುಜನ್ನರಿಗೆ ಗಣಿತವೇ ಊಟ, ಗಣಿತವೇ ನಿದ್ದೆಯಾಯಿತು. ಇದರಲ್ಲಿ ಯಾವುದೂ ತರಗತಿಯ ಪಾಠವಲ್ಲ.

ಹಾಗಾದರೆ ಶಾಲೆಯು ಕೊಟ್ಟುದೇನು? ಎರಡು ಸಂಗತಿಗಳನ್ನು ಹೇಳಬೇಕು. ಮೊದಲನೆಯದು ಇದು. ಆ ಶಾಲೆಯಲ್ಲಿ ಸುಮಾರು 1,200 ಮಂದಿ ವಿದ್ಯಾರ್ಥಿಗಳೂ 35 ಮಂದಿ ಉಪಾಧ್ಯಾಯರೂ ಇದ್ದರು. ಯಾವ ತರಗತಿಗೆ ಯಾವ ಹೊತ್ತಿನಲ್ಲಿ ಯಾರು ಪಾಠ ಹೇಳಬೇಕೆಂಬ ವೇಳಾಪಟ್ಟಿಯನ್ನು ಹೊಂದಿಸುವುದು ಎಷ್ಟು ತಲೆನೋವಿನ ಕೆಲಸವೆಂಬುದನ್ನು ಉಪಾಧ್ಯಾಯವೃತ್ತಿಯವರು ಬಲ್ಲರು. ಆ ಕೆಲಸದಲ್ಲಿ ನೆರವಾಗುವ ಹೊಣೆಯನ್ನು ಹಿರಿಯ ಗಣಿತೋಪಾಧ್ಯಾಯರು ಈ ವಿದ್ಯಾರ್ಥಿಗೆ ಒಪ್ಪಿಸಿದ್ದರು. ಹುಡುಗನ ಬುದ್ಧಿಯನ್ನು ಹೊಗಳುವುದು ಸುಲಭ; ಅದನ್ನು ನಂಬಿ ಶಾಲೆಯ ಕೆಲಸವನ್ನೇ ಅವನ ಕೈಗೆ ಕೊಡುವುದಕ್ಕೆ ದೊಡ್ಡ ಮನಸ್ಸು ಬೇಕು.

ಎರಡನೆಯದು 1904ರಲ್ಲಿ ನಡೆದ ಪಾರಿತೋಷಕ ವಿತರಣೆ. ಅಂದು ಗಣಿತಕ್ಕಾಗಿ ಕೆ. ರಂಗನಾಥರಾಯರ ಹೆಸರಿನಲ್ಲಿದ್ದ ಪಾರಿತೋಷಕವು ರಾಮಾನುಜನ್ನರಿಗೆ ಸಂದಿತು. ಮುಖ್ಯೋಪಾಧ್ಯಾಯರಾದ ಕೃಷ್ಣಸ್ವಾಮಿ ಅಯ್ಯರು ಅವರನ್ನು ಸಭೆಗೆ ಪರಿಚಯ ಮಾಡಿಸುತ್ತ, ಈ ವಿದ್ಯಾರ್ಥಿಯ ಯೋಗ್ಯತೆಗೆ ಪೂರ್ಣಾಂಕವೂ ಸಾಲದು, ಅದಕ್ಕಿಂತ ಹೆಚ್ಚು ಕೊಡಬೇಕಾಗುತ್ತದೆಂಬ ಅರ್ಥದ ಮಾತನ್ನಾಡಿದರು. ಈ ಮಾತನ್ನು ಸ್ವಲ್ಪ ನಿಂತು ನೋಡೋಣ. ಶಾಲೆಯ ಮುಖ್ಯಸ್ಥನ ಕೈಯಲ್ಲಿರುವ ಅಳತೆಗೋಲು ಅಂಕಗಳೊಂದೇ. ಆ ಕೋಲಿಗೆ ಈ ಹುಡುಗ ಸಿಕ್ಕುವವನಲ್ಲ ಎಂದು ಅದನ್ನು ಹಿಡಿದವರೇ ಬಹಿರಂಗವಾಗಿ ಒಪ್ಪಿಕೊಂಡರು. ಆಗ ರಾಮಾನುಜನ್ನರ ಹೆಸರು ಕುಂಭಕೋಣದ ಆಚೆ ಯಾರಿಗೂ ತಿಳಿಯದು. ಅವರು ಕೇಂಬ್ರಿಡ್ಜಿನ ಹಾರ್ಡಿಯವರಿಗೆ ಕಾಗದ ಬರೆಯುವುದಕ್ಕೆ ಇನ್ನೂ ಒಂಬತ್ತು ವರ್ಷಗಳಿದ್ದುವು.

ಮುಂದಿನ ಅಧ್ಯಾಯ ದುಃಖದ್ದು. ಶಾಲೆಯನ್ನು ಬಿಟ್ಟ ರಾಮಾನುಜನ್ನರು ವಿದ್ಯಾರ್ಥಿವೇತನವನ್ನು ಪಡೆದು ಅದೇ ಊರಿನ ಸರ್ಕಾರಿ ಕಾಲೇಜಿಗೆ ಸೇರಿದರು. ಅಲ್ಲಿ ಗಣಿತದ ಹೊರತು ಬೇರೆ ವಿಷಯಗಳಿಗೆ ಅವರು ಮನಸ್ಸು ಕೊಡಲಿಲ್ಲ, ತೇರ್ಗಡೆಯಾಗಲಿಲ್ಲ, ವೇತನವು ತಪ್ಪಿತು. 1905ರಲ್ಲಿ ಮನೆಯವರಿಗೂ ಹೇಳದೆ ವಿಶಾಖಪಟ್ಟಣಕ್ಕೆ ಹೊರಟುಹೋದರು. 1906ರಲ್ಲಿ ಮದರಾಸಿನ ಪಚ್ಚಯ್ಯಪ್ಪನವರ ಕಾಲೇಜಿಗೆ ಸೇರಿ ಎಫ್. ಎ. ಪರೀಕ್ಷೆಗೆ ಕುಳಿತರು. ಗಣಿತದಲ್ಲಿ ಎಷ್ಟು ಮೇಲೋ ಶರೀರಶಾಸ್ತ್ರದಲ್ಲಿ ಅಷ್ಟು ಕೆಳಗೆ, ಅಲ್ಲಿಯೂ ಸೋಲು. ಮರುವರ್ಷ ಮತ್ತೆ ಸೋಲು. ಅಲ್ಲಿಗೆ ವ್ಯಾಸಂಗವೇ ಮುಗಿಯಿತು.

ಕಾಲೇಜಿನಲ್ಲಿ ಪಾಠ ಹೇಳುವ ನಮ್ಮಂಥವರು ಈ ಕಥೆಯನ್ನು ಕೇಳಿ ಆ ಕಾಲೇಜುಗಳ ಮೇಲೆ ಕೋಪ ಮಾಡಿಕೊಳ್ಳುವುದುಂಟು. ಅದು ನ್ಯಾಯವಲ್ಲ. ಎಲ್ಲ ವಿಷಯಗಳಲ್ಲಿಯೂ ತೇರ್ಗಡೆಯಾಗಬೇಕೆಂಬುದು ವಿಶ್ವವಿದ್ಯಾನಿಲಯದ ನಿಯಮ. ಸಾವಿರಾರು ಮಂದಿಗಾಗಿ ಮಾಡಿದ ನಿಯಮವು ಒಬ್ಬನಿಗೆ ಒಗ್ಗದೆ ಹೋದರೆ ನಿಯಮವನ್ನು ಪಾಲಿಸಿದವರು ಕ್ರೂರಿಗಳೆನ್ನಲಾಗದು. ನಿಯಮಕ್ಕೆ ಕಣ್ಣಿಲ್ಲ, ಅಷ್ಟೆ. ಕಣ್ಣಿರಬೇಕಾದುದು ಅದನ್ನು ನಡೆಸುವ ಮನುಷ್ಯರಿಗೆ. ಶಾಲೆಯಲ್ಲಿಯೂ ಪರೀಕ್ಷೆಯಿದ್ದಿತು, ನಿಯಮವಿದ್ದಿತು. ಅವುಗಳ ಜೊತೆಗೆ ಹುಡುಗನನ್ನು ನೋಡಿದ ಒಬ್ಬ ಮುಖ್ಯೋಪಾಧ್ಯಾಯರೂ ಇದ್ದರು. ಭೇದವಿರುವುದು ಇಲ್ಲಿ.

ಆ ಬಳಿಕ ರಾಮಾನುಜನ್ನರನ್ನು ಮೇಲಕ್ಕೆತ್ತಿದವರೂ ಇಂಥ ಕಣ್ಣುಳ್ಳವರೇ. ಭಾರತೀಯ ಗಣಿತಸಂಘವನ್ನು ಸ್ಥಾಪಿಸಿದ ವಿ. ರಾಮಸ್ವಾಮಿ ಅಯ್ಯರವರು ಡೆಪ್ಯುಟಿ ಕಲೆಕ್ಟರರಾಗಿದ್ದರು. ಗುಮಾಸ್ತೆಯ ಕೆಲಸವನ್ನು ಬೇಡಿ ಬಂದ ಯುವಕನ ಟಿಪ್ಪಣಿಯ ಪುಸ್ತಕಗಳನ್ನು ಅವರು ತಿರುವಿ ನೋಡಿ, ಇವನನ್ನು ಕಂದಾಯದ ಇಲಾಖೆಯಲ್ಲಿ ಹೂಳಲಾಗದೆಂದು ಮದರಾಸಿನ ಗಣಿತಜ್ಞರ ಬಳಿಗೆ ಕಳುಹಿಸಿದರು. ನೆಲ್ಲೂರಿನ ಕಲೆಕ್ಟರರಾದ ಆರ್. ರಾಮಚಂದ್ರರಾಯರು ತಮ್ಮ ಕೈಯಿಂದ ತಿಂಗಳಿಗೆ 25 ರೂಪಾಯಿ ಕೊಟ್ಟು ಸಾಕಿದರು. 1912ರಲ್ಲಿ ಮದರಾಸಿನ ಪೋರ್ಟ್ ಟ್ರಸ್ಟಿನಲ್ಲಿ 30 ರೂಪಾಯಿಯ ಗುಮಾಸ್ತೆಗಿರಿ ದೊರೆಯಿತು. 1913ರ ಜನವರಿ 16ರಂದು ಹಾರ್ಡಿಯವರಿಗೆ ಕಾಗದ ಹೋಯಿತು. ಅದೇ ವರ್ಷ, ಯಾವ ಪದವಿಯೂ ಇಲ್ಲದ ಈ ಗುಮಾಸ್ತರಿಗೆ ಮದರಾಸಿನ ವಿಶ್ವವಿದ್ಯಾನಿಲಯವು ತಿಂಗಳಿಗೆ 75 ರೂಪಾಯಿಯ ಸಂಶೋಧನವೇತನವನ್ನು ಕೊಟ್ಟಿತು. ಎರಡು ಬಾರಿ ಬಾಗಿಲು ಮುಚ್ಚಿದ ವಿಶ್ವವಿದ್ಯಾನಿಲಯವೇ ಬಾಗಿಲು ತೆರೆಯಿತೆಂಬುದನ್ನು ಮರೆಯಬಾರದು. 1914ರಲ್ಲಿ ಸಮುದ್ರಪ್ರಯಾಣ, 1918ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ. ಆ ಗೌರವವನ್ನು ಪಡೆದ ಭಾರತೀಯರಲ್ಲಿ ಅವರು ಎರಡನೆಯವರು. 1919ರಲ್ಲಿ ಕಾಯಿಲೆಯಿಂದ ಸ್ವದೇಶಕ್ಕೆ ಮರಳಿ, 1920ರ ಏಪ್ರಿಲ್ 26ರಂದು, ಮೂವತ್ತೆರಡನೆಯ ವಯಸ್ಸಿನಲ್ಲಿಯೇ ತೀರಿಕೊಂಡರು.

ಲೋಕದ ಮನ್ನಣೆ ಬಂದ ಬಳಿಕ ಅವರಿಗೆ ಉಳಿದ ಆಯುಸ್ಸು ಎರಡೇ ವರ್ಷ. ಸನ್ಮಾನದ ಹೊತ್ತು ಯಾವುದೆಂಬ ಪ್ರಶ್ನೆ ಮಾತಿನ ಅಲಂಕಾರವಲ್ಲವೆಂಬುದಕ್ಕೆ ಇದೊಂದೇ ಸಾಕು. ಕುಂಭಕೋಣದ ಶಾಲೆಯೂ ಹಳೆಯ ವಿದ್ಯಾರ್ಥಿ ದೊಡ್ಡವನಾಗಲಿ, ಬೆಳ್ಳಿಯ ಹಬ್ಬಕ್ಕೆ ಕರೆಸೋಣವೆಂದು ಕಾದಿದ್ದರೆ, ಕರೆಸುವುದಕ್ಕೆ ಆತನೇ ಇರುತ್ತಿರಲಿಲ್ಲ.

ಇಂಥ ಸಂಗತಿಗಳು ಕಾವೇರಿಯ ಕೆಳದಡದಲ್ಲಿ ಮಾತ್ರ ನಡೆದುವೆಂದಲ್ಲ. ನಮ್ಮ ಮೈಸೂರಿನಲ್ಲಿಯೂ ನಡೆದಿವೆ. ಮಹಾರಾಜಾ ಕಾಲೇಜಿಯೇಟ್ ಹೈಸ್ಕೂಲಿನಲ್ಲಿ ಓದಿದ ಆರ್. ಕೆ. ನಾರಾಯಣರು ಅದರ ಮುಖ್ಯೋಪಾಧ್ಯಾಯರ ಮಗನೇ ಆಗಿದ್ದರು. ಆದರೂ ವಿಶ್ವವಿದ್ಯಾನಿಲಯದ ಪ್ರವೇಶಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ. ಒಂದು ವರ್ಷ ಮನೆಯಲ್ಲಿ ಕುಳಿತು ಓದಿದರು, ಬರೆದರು. ಆ ಓದಿಗೆ ಆಸರೆಯಾದುದು ತಂದೆಯ ಶಾಲೆಯ ಪುಸ್ತಕಭಂಡಾರ. ಅಲ್ಲಿಗೆ ಬರುತ್ತಿದ್ದ ಇಂಗ್ಲೆಂಡಿನ ಮಾಸಪತ್ರಿಕೆಗಳು. ಪರೀಕ್ಷೆಯ ಲೆಕ್ಕದಲ್ಲಿ ಸೋತ ಹುಡುಗನಿಗೆ ಶಾಲೆಯ ಬೀರುವಿನ ಬಾಗಿಲು ಮುಚ್ಚಲಿಲ್ಲ. 1935ರಲ್ಲಿ ಅವರ ಮೊದಲ ಕಾದಂಬರಿ ಪ್ರಕಟವಾಯಿತು. 1976ರಲ್ಲಿ ಮೈಸೂರಿನ ವಿಶ್ವವಿದ್ಯಾನಿಲಯವು ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಅವರ ತಮ್ಮಂದಿರಾದ ಆರ್. ಕೆ. ಲಕ್ಷ್ಮಣರು ಶಾಲೆಯಲ್ಲಿ ಒಂದು ಅರಳಿಯ ಎಲೆಯನ್ನು ಬರೆದಾಗ ಉಪಾಧ್ಯಾಯರೊಬ್ಬರು ಮೆಚ್ಚಿದರಂತೆ. ತಾನು ಚಿತ್ರಕಾರನಾಗುವೆನೆಂಬ ನಂಬಿಕೆ ಅವರಲ್ಲಿ ಹುಟ್ಟಿದುದು ಅಂದು. ಮುಂದೆ ಮುಂಬಯಿಯ ಜೆ. ಜೆ. ಚಿತ್ರಶಾಲೆಯು ಅವರಿಗೆ ಪ್ರವೇಶವನ್ನು ನಿರಾಕರಿಸಿತು. ಆದರೂ ಆ ಅರಳಿಯ ಎಲೆ ಬಾಡಲಿಲ್ಲ.

ನಾರಾಯಣರ ವಿಷಯದಲ್ಲಿ ಇನ್ನೊಂದು ಮಾತನ್ನು ಹೇಳಬೇಕು. 1986ರಿಂದ 1992ರ ವರೆಗೆ ಅವರು ರಾಜ್ಯಸಭೆಯ ನಾಮಕರಣಗೊಂಡ ಸದಸ್ಯರಾಗಿದ್ದರು. ದೇಶದ ಆ ಹಿರಿಯ ಸಭೆಯಲ್ಲಿ ಅವರು ಎತ್ತಿದ ವಿಷಯ ಸಾಹಿತ್ಯವಲ್ಲ, ರಾಜಕಾರಣವಲ್ಲ. ಶಾಲೆಯ ಮಕ್ಕಳು ಬೆನ್ನಿನ ಮೇಲೆ ಹೊರುವ ಪುಸ್ತಕದ ಚೀಲದ ಭಾರ. ಇದರ ಫಲವಾಗಿ 1992ರಲ್ಲಿ ವಿಜ್ಞಾನಿಗಳಾದ ಯಶಪಾಲರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ನೇಮಕವಾಗಿ, ಮರುವರ್ಷ ವರದಿಯನ್ನು ಒಪ್ಪಿಸಿತು. ಎಂಬತ್ತರ ವಯಸ್ಸಿನಲ್ಲಿಯೂ ತಾನು ಕುಳಿತ ಬೆಂಚನ್ನು ನೆನೆದು, ಇಂದು ಅದರ ಮೇಲೆ ಕುಳಿತಿರುವ ಮಗುವಿನ ಪರವಾಗಿ ಮಾತಾಡುವುದು ಹಳೆಯ ವಿದ್ಯಾರ್ಥಿಯು ಶಾಲೆಗೆ ಸಲ್ಲಿಸಬಹುದಾದ ಉತ್ತಮವಾದ ಗೌರವವಲ್ಲವೆ? ಕಟ್ಟಡಕ್ಕೆ ಕೊಟ್ಟ ಧನವೂ ಬೇಕಾದುದೇ. ಆದರೆ ಇದು ಅದಕ್ಕಿಂತ ಮೇಲಿನದು.

ಇವೆಲ್ಲವನ್ನೂ ಕೂಡಿಸಿ ನೋಡಿದರೆ ನಮ್ಮ ಹೈಸ್ಕೂಲುಗಳ ಹಿತಚಿಂತಕರಿಗೆ ಮೂರು ಸೂಚನೆಗಳು ದೊರೆಯುತ್ತವೆ. ಒಂದು, ಗೋಡೆಯ ಹಲಗೆಯ ಮೇಲೆ ವಿದ್ಯಾರ್ಥಿಯ ಹೆಸರಿನ ಪಕ್ಕದಲ್ಲಿ ಅವನಿಗೆ ಪಾಠ ಹೇಳಿದವರ ಹೆಸರನ್ನೂ ಬರೆಯಿಸಬೇಕು. ಕೃಷ್ಣಸ್ವಾಮಿ ಅಯ್ಯರ ಆ ಒಂದು ಮಾತು ರಾಮಾನುಜನ್ನರ ಚರಿತ್ರೆಯಲ್ಲಿ ಸೇರಿಕೊಂಡುದರಿಂದ ಉಳಿಯಿತು. ಅಂಥ ಎಷ್ಟೋ ಉಪಾಧ್ಯಾಯರ ಹೆಸರುಗಳು ಹಾಜರಿಯ ಪುಸ್ತಕದೊಡನೆ ಗೆದ್ದಲಿಗೆ ಆಹಾರವಾಗಿವೆ. ಎರಡು, ಪರೀಕ್ಷೆಯಲ್ಲಿ ಮೊದಲಿಗನಾದವನ ಹೊರತು ಬೇರೆಯವರಿಗೂ ಆ ಹಲಗೆಯಲ್ಲಿ ಸ್ಥಳವಿರಬೇಕು. ಸೋತು ಗೆದ್ದವನ ಹೆಸರನ್ನು ಅವನು ಸೋತ ಇಸವಿಯೊಡನೆಯೇ ಬರೆದರೆ, ಅದನ್ನು ಓದಿ ಧೈರ್ಯ ತಂದುಕೊಳ್ಳುವ ಹುಡುಗರು ಪ್ರತಿ ವರ್ಷವೂ ಇರುತ್ತಾರೆ. ಮೂರು, ಸನ್ಮಾನಕ್ಕೆಂದು ಕೂಡಿಸಿದ ಹಣದಲ್ಲಿ ಅರ್ಧದಷ್ಟನ್ನಾದರೂ ಇನ್ನೂ ಹೆಸರಿಲ್ಲದವರಿಗಾಗಿ ಮೀಸಲಿಡಬೇಕು. ಒಂದು ಪಾರಿತೋಷಕ, ಒಂದು ಕಪಾಟಿನ ತುಂಬ ಪುಸ್ತಕ, ಬಡ ಹುಡುಗನೊಬ್ಬನ ಪರೀಕ್ಷೆಯ ಶುಲ್ಕ, ಇಷ್ಟಾದರೂ ಸಾಕು.

ದೊಡ್ಡವರನ್ನು ಕರೆಸಿ ಹಾರ ಹಾಕುವುದನ್ನು ಬಿಡಬೇಕೆಂದು ನಾನು ಹೇಳುವುದಿಲ್ಲ. ಅವರು ಬರಲಿ, ಹುಡುಗರು ಅವರನ್ನು ಕಣ್ಣಾರೆ ಕಾಣಲಿ. ಆದರೆ ಆ ದಿನ ಸಭೆಯಲ್ಲಿ ಅವರ ಹೊಗಳಿಕೆ ಮುಗಿದ ಮೇಲೆ, ಇಂದು ಓದುತ್ತಿರುವವರಲ್ಲಿ ಒಬ್ಬನನ್ನೋ ಒಬ್ಬಳನ್ನೋ ಎದ್ದು ನಿಲ್ಲಿಸಿ, ಅವರಲ್ಲಿ ತಾವು ಕಂಡುದನ್ನು ಮುಖ್ಯೋಪಾಧ್ಯಾಯರು ನಾಲ್ಕು ಮಾತಿನಲ್ಲಿ ಹೇಳಲಿ. ಹಾರಕ್ಕೆ ಹಣ ಬೇಕು. ಈ ನಾಲ್ಕು ಮಾತಿಗೆ ವರ್ಷವೆಲ್ಲ ಹುಡುಗರನ್ನು ಗಮನಿಸಿದ ಕಣ್ಣು ಬೇಕು. ಅಂಥ ಕಣ್ಣುಳ್ಳವರು ಇರುವ ಶಾಲೆಯ ಹಲಗೆಯ ಮೇಲೆ ಹೆಸರುಗಳು ಕಡಿಮೆಯಾದರೂ ಚಿಂತೆಯಿಲ್ಲ.