ಚೂಡಿ ಹೋದ ಬೋಲ್ಟಿನ ಹಿಂದೆ ಬಿದ್ದು...

ಹೋದ ದೀಪಾವಳಿಗೆ ಯಾದಗಿರಿಗೆ ಹೋದಾಗ ನಾನೊಂದು ಘನಂದಾರಿ ಕೆಲಸ ಮಾಡಿದೆ. ಅಪ್ಪನ ಹಳೇ ಕಾರಿನ ಗೇರ್‌ಬಾಕ್ಸ್‌ನಿಂದ ಎಣ್ಣೆ ಜಿನುಗುತ್ತಿತ್ತು. "ಪ್ಯಾಕಿಂಗ್ ತಾನ, ನಾನೇ ಬದಲ್ ಮಾಡ್ತೀನಿ ಬಿಡಪಾ" ಅಂದೆ. ಓದಿದ್ದು ಮೆಕ್ಯಾನಿಕಲ್ ಆದರೂ ಹೊಟ್ಟೆಪಾಡು ಸಾಫ್ಟ್‌ವೇರ್ ಅನ್ನೋದು ಆಗ ನೆನಪಾಗಲಿಲ್ಲ :) ಕೊನೆಯ ಬೋಲ್ಟ್ ಬಿಗಿ ಮಾಡುವಾಗ ಇನ್ನೊಂಚೂರು ಇರಲಿ ಅಂತ ಪಾನಾ ಎಳೆದೆ. ಬೋಲ್ಟ್ ಸಡಿಲಾಗಿ ಸುಮ್ಮನೆ ತಿರುಗತೊಡಗಿತು. ಏನಾಯಿತೆಂದು ಗೊತ್ತಾಯಿತು. ಅಪ್ಪನಿಗೆ ಮಾತ್ರ ಹೇಳಲಿಲ್ಲ.

ಮರುದಿನ ಸುರಪುರದ ಅತ್ತೆ ಮನೆಗೆ ಹೊರಟೆವು. ಭೀಮಾ ದಾಟಿ ಶಹಾಪುರ ಮುಟ್ಟುವಷ್ಟರಲ್ಲಿ ಸುಟ್ಟ ಎಣ್ಣೆಯ ವಾಸನೆ. ಅಪ್ಪನ ಪರಿಚಯದ ಮಿಸ್ತ್ರಿ ಕಾಕಾ ಗಾಡಿ ಕೆಳಗೆ ಹೋಗಿ ನೋಡಿ ಬಂದು, "ಚೂಡಿ ಹೋಗ್ಯಾವ. ಯಾರೋ ಭಾಳ ಜೋರ್ ಹಾಕ್ಯಾರ" ಅಂದರು. ಅಪ್ಪ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

"ರಂಧ್ರ ದೊಡ್ಡದು ಮಾಡಿ ದೊಡ್ಡ ಬೋಲ್ಟ್ ಹಾಕಿಬಿಡ್ರಿ ಕಾಕಾ" ಅಂದೆ.

"ಹಾಕ್ಬಹುದು ತಮ್ಮಾ. ನಾಳಿ ಸುರಪುರದಾಗ ಇದನ್ನ ಬಿಚ್ಚಾಂವ ಏನ್ ಮಾಡ್ಬೇಕು?"

ಬೆಂಗಳೂರಿಗೆ ವಾಪಸ್ಸಾದ ಮೇಲೂ ಈ ಮಾತು ತಲೆ ಬಿಡಲಿಲ್ಲ. ಯಾವ ಊರಿನಲ್ಲಿ ಬಿಚ್ಚಿದರೂ ಅದೇ ಬೋಲ್ಟ್ ಕೂರಬೇಕು ಅನ್ನೋದು ನಮಗೆ ಸಹಜ. ಆದರೆ ಇನ್ನೂರು ವರ್ಷದ ಹಿಂದೆ ಹಾಗಿರಲಿಲ್ಲ. ಇಂಗ್ಲೆಂಡಿನ ಒಂದೊಂದು ಕಾರ್ಖಾನೆಗೂ ಅದರದ್ದೇ ಚೂಡಿ. ಒಂದು ಕಡೆಯ ನಟ್ಟು ಇನ್ನೊಂದು ಕಡೆಯ ಬೋಲ್ಟಿಗೆ ಕೂರುತ್ತಿರಲಿಲ್ಲ. ಜೋಸೆಫ್ ವಿಟ್‌ವರ್ತ್ ಅನ್ನೋ ಪುಣ್ಯಾತ್ಮ ಹಲವು ಕಾರ್ಖಾನೆಗಳ ಬೋಲ್ಟ್ ಕೂಡಿಹಾಕಿ, ಅಳೆದು, ಸರಾಸರಿ ತೆಗೆದು, 55 ಡಿಗ್ರಿ ಕೋನದ ಒಂದೇ ಚೂಡಿ ಎಲ್ಲರಿಗೂ ಇರಲಿ ಎಂದು 1841ರಲ್ಲಿ ಸೂಚಿಸಿದ. ಅದೇ 1841ರಲ್ಲಿ ನಮ್ಮ ಸುರಪುರಕ್ಕೆ ಮೆಡೋಸ್ ಟೇಲರ್ ಬಂದದ್ದು! ಗುಡ್ಡದ ಮೇಲಿನ ಟೇಲರ್ ಮಂಜಿಲ್ ನೋಡಿದವರಿಗೆ ಆ ಕಾಲ ಅಂದಾಜಾದೀತು.

ವಿಟ್‌ವರ್ತ್ ಚೂಡಿಯನ್ನು ಬ್ರಿಟನ್ನಿನ ರೈಲ್ವೆಗಳು ಒಪ್ಪಿಕೊಂಡವು. ಇತ್ತ ಮುಂಬೈ ಕಡೆಯ ಹಳಿ ಮತ್ತು ಮದ್ರಾಸ್ ಕಡೆಯ ಹಳಿ ರಾಯಚೂರಿನಲ್ಲಿ ಕೂಡಿದ್ದು 1871ರಲ್ಲಿ. ಯಾದಗಿರಿ ಇರುವುದು ಇದೇ ದಾರಿಯಲ್ಲಿ. ಶಹಾಪುರ, ಸುರಪುರಕ್ಕೆ ಅಷ್ಟು ಬೇಗ ಯಂತ್ರಗಳು ಬರಲಿಲ್ಲ. ನಾರಾಯಣಪುರದ ಬಸವಸಾಗರ ಅಣೆಕಟ್ಟೆ 1982ರಲ್ಲಿ ಮುಗಿದು, ಕಾಲುವೆಗೆ ನೀರು ಬಂದ ಮೇಲೆ ಭತ್ತ ಬಂತು, ಟ್ರ್ಯಾಕ್ಟರ್ ಬಂತು, ಅದರ ಬೆನ್ನಿಗೇ ಗ್ಯಾರೇಜು, ಲೇತ್ ಅಂಗಡಿ.

ಅಂದ ಹಾಗೆ, ಜಗತ್ತೇನೂ ಒಂದೇ ಸಲಕ್ಕೆ ಒಪ್ಪಲಿಲ್ಲ. ಅಮೆರಿಕದ ವಿಲಿಯಂ ಸೆಲರ್ಸ್ 1864ರಲ್ಲಿ 60 ಡಿಗ್ರಿ ಅಂದ. 1904ರಲ್ಲಿ ಬಾಲ್ಟಿಮೋರ್ ನಗರಕ್ಕೆ ಬೆಂಕಿ ಬಿದ್ದಾಗ ಬೇರೆ ಊರುಗಳಿಂದ ಓಡಿಬಂದ ಅಗ್ನಿಶಾಮಕದವರ ಪೈಪುಗಳು ಅಲ್ಲಿನ ನಲ್ಲಿಗೆ ಕೂರಲೇ ಇಲ್ಲ. ಚೂಡಿ ಬೇರೆ! 1,500ಕ್ಕೂ ಹೆಚ್ಚು ಕಟ್ಟಡ ಸುಟ್ಟವು. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಮರ್ಲಿನ್ ವಿಮಾನ ಎಂಜಿನ್ನನ್ನು ಅಮೆರಿಕದ ಪ್ಯಾಕಾರ್ಡ್ ಕಂಪನಿ ತಯಾರಿಸಲು ಹೊರಟಾಗ ಬ್ರಿಟಿಷ್ ಚೂಡಿ ಕೊರೆಯುವ ಟ್ಯಾಪುಗಳನ್ನೂ ತಾನೇ ಮಾಡಿಕೊಳ್ಳಬೇಕಾಯಿತು. ಕೊನೆಗೆ 1948ರಲ್ಲಿ ಅಮೆರಿಕ, ಬ್ರಿಟನ್, ಕೆನಡಾ ಒಂದು ಚೂಡಿಗೆ ಸಹಿ ಹಾಕಿದವು. ನಾವು 1956ರ ಕಾನೂನಿನಿಂದ ಮೆಟ್ರಿಕ್ ದಾರಿ ಹಿಡಿದೆವು. ಆದರೂ 1955ರಿಂದ ಮದ್ರಾಸಿನಲ್ಲಿ ಜೋಡಣೆಯಾದ ಬುಲೆಟ್‌ನಲ್ಲಿ ಇಂಗ್ಲಿಷ್ ಚೂಡಿಗಳೇ ಇದ್ದದ್ದರಿಂದ ಮಿಸ್ತ್ರಿಗಳು ಎರಡೂ ಬಗೆಯ ಪಾನಾ ಇಟ್ಟುಕೊಳ್ಳಬೇಕಿತ್ತು.

ಇನ್ನು ಅಲ್ಯೂಮಿನಿಯಂ ವಿಷಯಕ್ಕೆ ಬರೋಣ. ತೂಕ ಕಬ್ಬಿಣದ ಮೂರನೇ ಒಂದು ಪಾಲು, ಹಾಗಾಗಿ 1903ರ ರೈಟ್ ಸೋದರರ ವಿಮಾನದ ಎಂಜಿನ್ನಿಗೇ ಅಲ್ಯೂಮಿನಿಯಂ ಕ್ರ್ಯಾಂಕ್‌ಕೇಸ್ ಇತ್ತು. ಆದರೆ ಬೋಲ್ಟ್ ಉಕ್ಕಿನದು, ರಂಧ್ರ ಮೆತ್ತನೆಯದು. ಬಿಸಿಯಾದಾಗ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತೆ. ನೀರು ಸೇರಿದರೆ ಇವೆರಡರ ನಡುವೆ ತುಕ್ಕಿನಂಥ ಬಿಳಿ ಪುಡಿ ಬೇರೆ. ಅತಿಯಾಗಿ ಎಳೆದರೆ ಮೊದಲು ಹೋಗುವುದು ಮೆತ್ತನೆಯದ್ದೇ. ಬೋಲ್ಟ್ ಕೆಲವೇ ರೂಪಾಯಿ, ಕೇಸಿಂಗ್ ಸಾವಿರಗಟ್ಟಲೆ! ಇದಕ್ಕೆ 1930ರ ದಶಕದಲ್ಲಿ ಮದ್ದು ಸಿಕ್ಕಿತು. ಅದು ತಂತಿಯ ಸುರುಳಿ, ಅಂದರೆ ಹೆಲಿಕಾಯಿಲ್. ಯುದ್ಧಕಾಲದ ವಿಮಾನಗಳ ಅಲ್ಯೂಮಿನಿಯಂ ಭಾಗಗಳಲ್ಲಿ ಬಳಕೆಗೆ ಬಂದದ್ದು ಈಗ ಶಹಾಪುರದ ಗ್ಯಾರೇಜಿನಲ್ಲೂ ಇದೆ.

ಕಾಕಾ ಮಾಡಿದ್ದು ಇಷ್ಟು. ಎಣ್ಣೆ ಇಳಿಸಿ ಮುಚ್ಚಳ ಬಿಚ್ಚಿದರು. 8 ಎಂಎಂ ಬೋಲ್ಟಿನ ರಂಧ್ರವನ್ನು 8.3 ಎಂಎಂ ಆಸುಪಾಸಿಗೆ ನೆಟ್ಟಗೆ ಕೊರೆದರು. ಸುರುಳಿಗೆಂದೇ ಇರುವ ಟ್ಯಾಪ್ ಹೊಡೆದರು, ನಡುನಡುವೆ ಹಿಂದಕ್ಕೆ ತಿರುಗಿಸಿ ಪುಡಿ ಊದಿದರು. ಸ್ಟೇನ್‌ಲೆಸ್ ಸುರುಳಿಯನ್ನು ಮೇಲ್ಮೈಗಿಂತ ಅರ್ಧ ಸುತ್ತು ಕೆಳಗೆ ಇಳಿಸಿ, ಅದರ ತುದಿಯ ಚಿಕ್ಕ ಬಾಲ ಮುರಿದು ಹೊರತೆಗೆದರು. ಸುರುಳಿಯ ಹೊರಮೈ ದೊಡ್ಡದಿರುವುದರಿಂದ ಅಲ್ಯೂಮಿನಿಯಂನಲ್ಲಿ ಹಿಡಿತ ಮೊದಲಿಗಿಂತ ಹೆಚ್ಚು. ಒಳಮೈ ಮಾತ್ರ ಅದೇ 8 ಎಂಎಂ, ಅದೇ 1.25 ಎಂಎಂ ಅಂತರದ ಚೂಡಿ, ಅದೇ ಪಾನಾ. ನನ್ನ ದೊಡ್ಡ ಬೋಲ್ಟ್ ಆ ಕಾರಿಗೆ ಮಾತ್ರ ಗೊತ್ತಿರುವ ಗುಟ್ಟಾಗುತ್ತಿತ್ತು. ವಿಟ್‌ವರ್ತ್‌ಗಿಂತ ಹಿಂದಿನ ಕಾಲಕ್ಕೆ ಒಂದು ರಂಧ್ರವನ್ನಾದರೂ ನಾನು ಕಳಿಸುತ್ತಿದ್ದೆ! ಕೋಡ್‌ನಲ್ಲಿ ಇಂಥ ತೇಪೆ ಎಷ್ಟು ಹಾಕಿದ್ದೀನೋ, ಆಮೇಲೆ ಬಿಚ್ಚಿದವರು ಎಷ್ಟು ಬೈದುಕೊಂಡರೋ...

ಕೊನೆಯ ಬೋಲ್ಟನ್ನು ಕಾಕಾ ನನ್ನ ಕೈಯಿಂದಲೇ ಹಾಕಿಸಿದರು. "ಪಾನಾ ತುದಿ ಹಿಡೀಬ್ಯಾಡ, ನಡುವ ಹಿಡಿ. ಸಾಕು ಅನ್ನಿಸಿದ್ರ ನಿಲ್ಲಿಸು." ಸುರಪುರ ಬರುವವರೆಗೂ ಅಪ್ಪ ಏನೂ ಅನ್ನಲಿಲ್ಲ. ಊರು ಕಂಡಾಗ, "ನಿನ್ನೇನೇ ಹೇಳಿದ್ರ ಊರಾಗೇ ಮಾಡಿಸ್ತಿದ್ವಿ" ಅಂದರು, ಅಷ್ಟೇ.

ಚೂಡಿ ಅಂದರೆ ಹಿಂದಿ, ಉರ್ದುವಿನಲ್ಲಿ ಬಳೆ. ಬೋಲ್ಟಿನ ಮೈಮೇಲೆ ಸಾಲಾಗಿ ತೊಟ್ಟ ಬಳೆಗಳು! ನಿಮ್ಮೂರ ಗ್ಯಾರೇಜಿನಲ್ಲಿ ಇದಕ್ಕೇನಂತಾರೆ? ಗೊತ್ತಿದ್ದವರು ಹೇಳಿ.