ಸಾವಿನ ವಹಿಯಲ್ಲಿ ಇಲ್ಲದ ಭಾಷೆ

ಕಲಬುರಗಿಯಿಂದ ಕಮಲಾಪುರಕ್ಕೆ ಹೋಗುವ ಬಸ್ಸಿನಲ್ಲಿ ಕುಳಿತರೆ ಸಾಕು, ನಮ್ಮ ಜಿಲ್ಲೆಯ ಭಾಷೆಗಳೆಲ್ಲ ಕಿವಿಗೆ ಬೀಳುತ್ತವೆ. ಕನ್ನಡ, ದಖ್ಖನಿ, ತಾಂಡಾದವರ ಲಂಬಾಣಿ, ನಡುನಡುವೆ ತೆಲುಗು, ಮರಾಠಿ. ಕಮಲಾಪುರದ ಕೆಂಪು ಬಾಳೆಹಣ್ಣಿನ ಚೌಕಾಸಿಗೆ ಯಾರಿಗೂ ದುಭಾಷಿ ಬೇಕಾಗುವುದಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಬೇಕಾಗುತ್ತದೆ.

ನಾವು ಮನೆಯಲ್ಲಿ ಆಡುವ ದಖ್ಖನಿಯಲ್ಲಿ 'ಗೋಲಿ' ಎಂದರೆ ತಲೆನೋವಿನ ಗುಳಿಗೆಯೂ ಹೌದು, ನಶೆಯ ಗುಳಿಗೆಯೂ ಹೌದು. ಅಫೀಮಿನ ಜಾತಿಯ ಮದ್ದು ಅತಿಯಾದರೆ ಉಸಿರಾಟ ನಿಧಾನವಾಗುತ್ತ ನಿಂತೇಹೋಗುತ್ತದೆ. ಸಕಾಲಕ್ಕೆ ನಾಲೊಕ್ಸೋನ್ ಚುಚ್ಚುಮದ್ದು ಸಿಕ್ಕರೆ ಜೀವ ಮರಳಬಹುದು. ಆದರೆ ಮಗ ನುಂಗಿದ್ದು ಯಾವ ಗೋಲಿ ಎಂಬುದನ್ನು ತಾಯಿ ಹೇಳಬೇಕು, ವೈದ್ಯನಿಗೆ ಅದು ತಿಳಿಯಬೇಕು. ಉಸಿರು ನಿಂತ ಮೇಲೆ ಕಾಗದದ ಮೇಲೆ 'ಹೃದಯ, ಶ್ವಾಸ ಸ್ತಂಭನ' ಎಂದು ಬರೆದುಬಿಟ್ಟರೆ ಮುಗಿಯಿತು. ಹೃದಯ ಯಾರದು ನಿಲ್ಲುವುದಿಲ್ಲ?

ಈ ಎಣಿಕೆಯ ಲೋಪ ಇಂದಿನದಲ್ಲ. ಗ್ರಿಯರ್‌ಸನ್ ಸಾಹೇಬರ ಪ್ರಖ್ಯಾತ ಭಾಷಾ ಸಮೀಕ್ಷೆ ಹೈದರಾಬಾದ್ ಸಂಸ್ಥಾನವನ್ನೇ ಹೊರಗಿಟ್ಟಿತ್ತು. ಕಲಬುರಗಿ ಆಗ ನಿಜಾಮರದು. ಅಂದು ಇಲ್ಲಿ ದಫ್ತರದ ಭಾಷೆ ಉರ್ದು. 1956ರಲ್ಲಿ ನಾವು ಮೈಸೂರು ರಾಜ್ಯ ಸೇರಿದೆವು. ಕ್ರಮೇಣ ದಫ್ತರ ಕನ್ನಡವಾಯಿತು. ತಾಂಡಾದವರಿಗೆ ಅದೂ ಪರಭಾಷೆ, ಇದೂ ಪರಭಾಷೆ. 2011ರ ಜನಗಣತಿಯಲ್ಲಿ ದೇಶದ 32 ಲಕ್ಷಕ್ಕೂ ಹೆಚ್ಚು ಜನ ಲಂಬಾಣಿಯನ್ನು ತಾಯ್ನುಡಿ ಎಂದು ಬರೆಸಿದರು. ಸರಕಾರ ಅವರನ್ನೆಲ್ಲ ಹಿಂದಿಯ ಲೆಕ್ಕಕ್ಕೆ ಸೇರಿಸಿತು! ಕಮಲಾಪುರದ ತಾಂಡಾದ ಅಜ್ಜಿಗೆ ತಾನು ಹಿಂದಿಯವಳೆಂದು ಯಾರು ಹೇಳಿಯಾರು?

ಜನನ ಮರಣ ನೋಂದಣಿ ಕಾಯಿದೆ ಬಂದದ್ದು 1969ರಲ್ಲಿ. ಅದರಡಿ 2000ರ ಸುಮಾರಿಗೆ ಪರಿಷ್ಕರಿಸಿದ ಮರಣ ವರದಿಯ ನಮೂನೆಯನ್ನು ಓದುಗರು ಒಮ್ಮೆ ನೋಡಬೇಕು. ಸತ್ತವರ ಧರ್ಮ ಕೇಳುತ್ತದೆ, ಉದ್ಯೋಗ ಕೇಳುತ್ತದೆ. ಬೀಡಿ ಸೇದುತ್ತಿದ್ದರೆ, ತಂಬಾಕು ಜಗಿಯುತ್ತಿದ್ದರೆ, ಅಡಿಕೆ ತಿನ್ನುತ್ತಿದ್ದರೆ, ಮದ್ಯ ಕುಡಿಯುತ್ತಿದ್ದರೆ ಎಷ್ಟು ವರ್ಷದಿಂದ ಎಂದೂ ಕೇಳುತ್ತದೆ. ಅಫೀಮು, ನಶೆಯ ಗುಳಿಗೆಗಳಿಗೆ ಅಲ್ಲಿ ಅಂಕಣವಿಲ್ಲ, ತಾಯ್ನುಡಿಗೂ ಇಲ್ಲ. ಸಾವಿನ ಕಾರಣವನ್ನೇ ತೆಗೆದುಕೊಳ್ಳಿ: 2020ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವುಗಳ ಪೈಕಿ ವೈದ್ಯರು ಕಾರಣ ದೃಢೀಕರಿಸಿದ್ದು ಶೇಕಡಾ 22.5ರಷ್ಟನ್ನು ಮಾತ್ರ. ಇತ್ತ 2019ರ ಕೇಂದ್ರ ಸರಕಾರದ ಸಮೀಕ್ಷೆ, ದೇಶದಲ್ಲಿ ಅಫೀಮಿನ ಜಾತಿಯ ವಸ್ತು ಬಳಸುವವರು ಸುಮಾರು 2.26 ಕೋಟಿ ಎಂದಿತು. ಅಷ್ಟು ಜನರಲ್ಲಿ ಸತ್ತವರು ಯಾವ ಕೇರಿಯವರು, ಯಾವ ನುಡಿಯವರು ಎಂದು ಈ ವಹಿಯನ್ನು ಕೇಳಿದರೆ ಅದು ಬಾಯಿ ಬಿಡುವುದಿಲ್ಲ.

2021ರಿಂದ 2023ರವರೆಗೆ ವರ್ಷಕ್ಕೆ ಲಕ್ಷಕ್ಕೂ ಮಿಕ್ಕಿ ಜನರನ್ನು ಮಾದಕ ವಸ್ತುವಿನ ಅತಿಸೇವನೆಯಿಂದ ಕಳೆದುಕೊಂಡ ಅಮೆರಿಕದಲ್ಲಿ ಮರಣಪತ್ರ ಜನಾಂಗವನ್ನು ಕೇಳುತ್ತದೆ, ಭಾಷೆಯನ್ನಲ್ಲ. ಜನಾಂಗದ ಲೆಕ್ಕವೂ ನೆಟ್ಟಗಿಲ್ಲ. ಎಷ್ಟೋ ಮೂಲನಿವಾಸಿಗಳು ಸತ್ತ ಮೇಲೆ ಬಿಳಿಯರೆಂದು ದಾಖಲಾಗಿದ್ದಾರೆ. ಆದರೂ ಅತಿಸೇವನೆಯ ಸಾವಿನ ಪ್ರಮಾಣ ಅವರಲ್ಲೇ ಅತಿ ಹೆಚ್ಚು ಎಂಬುದು ಆ ಲೆಕ್ಕದಿಂದಲೇ ಹೊರಬಿತ್ತು.

ಹಾಗೆಂದು ಬರೆಸಿಕೊಳ್ಳಲು ನಮ್ಮ ಜನ ಹಿಂಜರಿಯುವುದನ್ನು ಅಜ್ಞಾನ ಎನ್ನಲು ನಾವು ಸಿದ್ಧರಿಲ್ಲ. ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ದಖ್ಖನವನ್ನೆಲ್ಲ ಸುತ್ತುತ್ತಿದ್ದ ಲಂಬಾಣಿಗರನ್ನು, ಆ ವ್ಯಾಪಾರ ಕೈತಪ್ಪಿದ ಮೇಲೆ, ಅಪರಾಧಿ ಬುಡಕಟ್ಟು ಎಂದು ಪಟ್ಟಿಗೆ ಸೇರಿಸಿದವರೂ ದಫ್ತರದವರೇ. ಮುಸಲ್ಮಾನರ ಮೊಹಲ್ಲಾಗಳಿಗೂ ಪೊಲೀಸ್ ವಹಿಯ ಅನುಭವ ಕಡಿಮೆಯೇನಲ್ಲ. ಗಾಂಜಾ, ಗುಳಿಗೆ ಎಂಬ ಮಾತು ಬಂದೊಡನೆ ಇಡೀ ಕೇರಿಗೆ ಮಸಿ ಬಳಿಯುವವರಿದ್ದಾರೆ. ಆದ್ದರಿಂದ ಭಾಷೆಯ ಅಂಕಣ ಬೇಕು ಎನ್ನುವಾಗಲೇ ಆ ಅಂಕಣ ಠಾಣೆಗೆ ಹೋಗಕೂಡದು, ಹೆಸರು ಆಸ್ಪತ್ರೆ ದಾಟಕೂಡದು ಎಂದೂ ನಾವು ಕೇಳಬೇಕಾಗಿದೆ. ಕೇಳುವವಳು ತಾಂಡಾದ ನುಡಿ ಬಲ್ಲ ಆಶಾ ಕಾರ್ಯಕರ್ತೆಯಾಗಿದ್ದರೆ ತಾಯಿ ಬಾಯಿ ಬಿಟ್ಟಾಳು. ದಫ್ತರದ ಮೇಜಿನ ಆಚೆ ಕುಳಿತವನು ಕೇಳಿದರೆ, ಮನೆಯ ಮಾನಕ್ಕೆ ಅಂಜಿ, ಎದೆನೋವು ಬಂದಿತ್ತು ಎನ್ನುತ್ತಾಳೆ. ಅವನೂ ಅದನ್ನೇ ಬರೆದುಕೊಳ್ಳುತ್ತಾನೆ.